ಎಫ್ಎಕ್ಸ್30 ತಗೊಳ್ಳೋದಾ, ಎಸ್5 ಮಾರ್ಕ್ 2 ತಗೊಳ್ಳೋದಾ?

ಶಾರ್ಟ್ ಫಿಲ್ಮ್ ಮಾಡುವ ಗೆಳೆಯರು ಕೊನೆಗೆ ಬಂದು ನಿಲ್ಲುವುದು ಈ ಎರಡು ಕ್ಯಾಮೆರಾಗಳ ಮುಂದೆಯೇ: ಸೋನಿ ಎಫ್ಎಕ್ಸ್30, ಪ್ಯಾನಾಸೋನಿಕ್ ಎಸ್5 ಮಾರ್ಕ್ 2. ನಾನು ಎರಡನ್ನೂ ಬಾಡಿಗೆಗೆ ತಂದು, ಬೆಳಗಿನ ಜಾವ ಕೆ.ಆರ್. ಮಾರ್ಕೆಟ್‌ನ ಹೂವಿನ ಸಾಲಿನಲ್ಲಿ ಓಡಾಡಿದೆ.

ಅಲ್ಲಿ ಟ್ರೈಪಾಡ್ ಇಡಲು ಜಾಗವಿಲ್ಲ. ಸೇವಂತಿಗೆ ಮೂಟೆ ಹೊತ್ತವರ ಹಿಂದೆ ಕೈಯಲ್ಲೇ ಹಿಡಿದು ನಡೆಯಬೇಕು. ಎಸ್5 ಮಾರ್ಕ್ 2 ಆ ಕುಲುಕಾಟವನ್ನು ಎಷ್ಟು ಚೆನ್ನಾಗಿ ನುಂಗಿತು ಅಂದರೆ, ಗಿಂಬಲ್ (ಅದುರು ತಡೆಯುವ ಹಿಡಿ) ನೆನಪೇ ಆಗಲಿಲ್ಲ. ಎಫ್ಎಕ್ಸ್30ರಲ್ಲಿ ಹೆಜ್ಜೆಯ ಅದುರು ಕಾಣಿಸಿತು. ಟಾರ್ಪಾಲಿನ ಕೆಳಗಿನ ಕತ್ತಲೆಯಲ್ಲೂ ಎಸ್5 ಮಾರ್ಕ್ 2ರ ದೊಡ್ಡ ಫುಲ್ ಫ್ರೇಮ್ ಸೆನ್ಸರ್ ಗೆದ್ದಿತು. ಆಮೇಲೆ ಬಣ್ಣ ತಿದ್ದಲು ಬಳಸುವ ವಿ-ಲಾಗ್ ಮೋಡ್‌ನಲ್ಲಿ ಅದರ ಎರಡನೇ ಮೂಲ ಐಎಸ್ಒ (ಕತ್ತಲೆಗೆಂದೇ ಇರುವ ಬೆಳಕಿನ ಸೂಕ್ಷ್ಮತೆ) 4000, ಸೋನಿಯ ಅಂಥದೇ ಎಸ್-ಲಾಗ್3ರಲ್ಲಿ 2500. ಓಪನ್ ಗೇಟ್ ಬೇರೆ ಇದೆ: ಇಡೀ 3:2 ಸೆನ್ಸರ್ 6ಕೆಯಲ್ಲಿ ರೆಕಾರ್ಡ್ ಆಗುತ್ತದೆ. ಒಂದೇ ಶಾಟಿನಿಂದ ಅಗಲದ ಫ್ರೇಮೂ ಸಿಗುತ್ತದೆ, ರೀಲ್ಸ್‌ಗೆ ಉದ್ದದ್ದೂ ಸಿಗುತ್ತದೆ.

ಸ್ಲೋ ಮೋಷನ್ ಜಾಸ್ತಿ ಬೇಕಾದರೆ ಮಾತ್ರ ಲೆಕ್ಕ ಬೇರೆ. ಎಫ್ಎಕ್ಸ್30 4ಕೆಯಲ್ಲಿ ಸೆಕೆಂಡಿಗೆ 120 ಫ್ರೇಮ್ ಕೊಡುತ್ತದೆ, ಆದರೆ ಚಿತ್ರ ಸಾಕಷ್ಟು ಕ್ರಾಪ್ ಆಗುತ್ತದೆ, ಅಂದರೆ ಅಂಚುಗಳು ಕತ್ತರಿಸಿಹೋಗುತ್ತವೆ. ಎಸ್5 4ಕೆಯಲ್ಲಿ 60ಕ್ಕೇ ನಿಲ್ಲುತ್ತದೆ, ಅದೂ ಕ್ರಾಪ್‌ನೊಂದಿಗೆ. ಓಡುವ ಮಗುವಿನ ಮುಖ ಹಿಡಿಯುವುದರಲ್ಲೂ ಸೋನಿಯ ಫೋಕಸ್ ಮೇಲೆ ನನಗೆ ಹೆಚ್ಚು ನಂಬಿಕೆ. ಸೋನಿಗೆ ಕೂರುವ ಇ-ಮೌಂಟ್ ಲೆನ್ಸ್‌ಗಳು ಸೆಕೆಂಡ್ ಹ್ಯಾಂಡ್‌ನಲ್ಲೂ ಸುಲಭವಾಗಿ ಸಿಗುತ್ತವೆ. ಆದರೆ ಎಫ್ಎಕ್ಸ್30ರಲ್ಲಿ ಕಣ್ಣಿಟ್ಟು ನೋಡುವ ವ್ಯೂಫೈಂಡರ್ ಇಲ್ಲ. ಮಧ್ಯಾಹ್ನ ಲಾಲ್‌ಬಾಗ್ ಬಂಡೆಯ ಮೇಲೆ ಸ್ಕ್ರೀನ್ ಕಾಣದೆ ಒದ್ದಾಡಿದೆ.

ಎರಡರಲ್ಲೂ ಫ್ಯಾನ್ ಇದೆ, ಬಿಸಿಯ ಚಿಂತೆ ಕಡಿಮೆ.

ಒಬ್ಬರೇ ನಡೆದು ಶೂಟ್ ಮಾಡುವವರಾದರೆ ಎಸ್5 ಮಾರ್ಕ್ 2 ತಗೊಳ್ಳಿ. ಡ್ಯಾನ್ಸ್, ಆಟೋಟ ಹಿಡಿಯುವವರಿಗೆ ಎಫ್ಎಕ್ಸ್30.