ಬಸುರಿಯಾಗಿದ್ದಾಗ ಸೇರಿದ ಆರು ವಾರದ ನಿದ್ದೆ ತರಬೇತಿ: ಎರಡು ವರ್ಷದ ನಂತರ ನನ್ನ ಅನುಭವ

ಮಗುವಿಗೆ ಮೊನ್ನೆ ಎರಡು ವರ್ಷ ತುಂಬಿತು. ಅದು ಹೊಟ್ಟೆಯಲ್ಲಿದ್ದಾಗ ನಾನು ಸೇರಿದ್ದ ನಿದ್ದೆ ತರಬೇತಿಯ ಬಗ್ಗೆ ಆಗಲೇ ಬರೆಯಬೇಕು ಅಂದುಕೊಂಡಿದ್ದೆ. ಬರೆಯದೇ ಇದ್ದದ್ದೇ ಒಳ್ಳೆಯದಾಯ್ತು. ಆಗ ಬರೆದಿದ್ದರೆ ಮೊದಲ ಎರಡು ವಾರದ ಸಿಟ್ಟೇ ಜಾಸ್ತಿ ಇರುತ್ತಿತ್ತು.

ನಮ್ಮ ಮನೆ ಮೈಸೂರಿನ ಕುವೆಂಪುನಗರದಲ್ಲಿ. ಐದೂವರೆ ತಿಂಗಳಾದಾಗ ನಿದ್ದೆ ಕೈಕೊಟ್ಟಿತು. ರಾತ್ರಿ ಒಂಬತ್ತಕ್ಕೇ ಮಲಗುತ್ತಿದ್ದೆ, ಹನ್ನೊಂದೂವರೆಯಾದರೂ ಕಣ್ಣು ಮುಚ್ಚುತ್ತಿರಲಿಲ್ಲ. ಎರಡೂವರೆಗೆ ಬಾತ್‌ರೂಮಿಗೆ ಎದ್ದರೆ ಮುಗೀತು, ಮತ್ತೆ ಬೆಳಗಿನ ಜಾವವೇ ಒಂದು ಜೊಂಪು. "ಬಸುರಿ ಹೆಂಗಸು, ಈಗಲೇ ಏಳಬೇಡ, ಇನ್ನೊಂದು ಸ್ವಲ್ಪ ಮಲಗಿರು" ಅಂತ ಅತ್ತೆ ಪ್ರೀತಿಯಿಂದ ಹೇಳುತ್ತಿದ್ದರು. ಏಳು ಗಂಟೆಯವರೆಗೂ ಹೊರಳಾಡುತ್ತಿದ್ದೆ. ಹಾಸಿಗೆಯಲ್ಲಿ ಹತ್ತು ಗಂಟೆ, ನಿದ್ದೆ ಐದು ಗಂಟೆ.

ಮೊದಲು ತರಿಸಿದ್ದು ಗರ್ಭಿಣಿಯರಿಗೆ ಅಂತಲೇ ಮಾರುವ ಯು ಆಕಾರದ ದಿಂಬು. ಎರಡು ಸಾವಿರ ಚಿಲ್ಲರೆ ಆಯ್ತು. ಸೊಂಟ ನೋವು ಕಡಿಮೆಯಾಯ್ತು, ಅದು ನಿಜ. ನಿದ್ದೆ ಮಾತ್ರ ಬರಲಿಲ್ಲ. ಅದರ ಪಾಲಿಯೆಸ್ಟರ್ ಕವರಿನ ಸೆಕೆ ತಡೆಯಲಾಗದೆ ಎರಡು ಸಾದಾ ದಿಂಬು ಇಟ್ಟುಕೊಂಡೆ, ಹೊಟ್ಟೆ ಕೆಳಗೆ ಹಳೇ ಕಾಟನ್ ಸೀರೆ ಮಡಿಸಿಟ್ಟೆ. ಅಷ್ಟೇ ಹಿತವಾಗಿತ್ತು.

ನೆಂಟರೊಬ್ಬರು ಹಾಲಿಗೆ ಅಶ್ವಗಂಧ ಹಾಕಿ ಕುಡಿ ಅಂದರು. ನಮ್ಮ ಡಾಕ್ಟರ್ ಖಡಾಖಂಡಿತವಾಗಿ ಬೇಡ ಅಂದರು. ನಿದ್ದೆ ಮಾತ್ರೆಯನ್ನೂ ಬರೆದುಕೊಡಲಿಲ್ಲ. ಬದಲಿಗೆ ರಾತ್ರಿ ಕಾಲು ಸೆಳೆಯುತ್ತಾ, ಅಲ್ಲಾಡಿಸಬೇಕು ಅನ್ನಿಸುತ್ತಾ ಅಂತ ಕೇಳಿದರು. ಹೌದು ಅಂದೆ. ರಕ್ತ ಪರೀಕ್ಷೆಯಲ್ಲಿ ಕಬ್ಬಿಣದಂಶ ಕಡಿಮೆ ಇತ್ತು, ಅದಕ್ಕೆ ಚಿಕಿತ್ಸೆ ಕೊಟ್ಟರು. ಆಮೇಲೆ ಒಬ್ಬ ಕ್ಲಿನಿಕಲ್ ಸೈಕಾಲಜಿಸ್ಟ್ ಹತ್ತಿರ ಕಳಿಸಿದರು. ಅವರು ಕೊಡುವುದಕ್ಕೆ ಸಿಬಿಟಿ-ಐ ಅಂತ ಹೆಸರು. ಮಲಗುವ ಅಭ್ಯಾಸವನ್ನೂ ನಿದ್ದೆ ಬಗ್ಗೆ ಇರುವ ಭಯವನ್ನೂ ತಿದ್ದುವ ಚಿಕಿತ್ಸೆ. ಸೇರುವ ಮುಂಚೆ ನಾನೂ ಹುಡುಕಿ ಓದಿದೆ. ಅಮೆರಿಕದಲ್ಲಿ 208 ಗರ್ಭಿಣಿಯರ ಮೇಲೆ ಮಾಡಿದ ಅಧ್ಯಯನವೊಂದು 2020ರಲ್ಲಿ ಜಾಮಾ ಸೈಕಿಯಾಟ್ರಿಯಲ್ಲಿ ಪ್ರಕಟವಾಗಿದೆ. ಇದೇ ಚಿಕಿತ್ಸೆಯನ್ನು ಆನ್‌ಲೈನಿನಲ್ಲಿ ಪಡೆದವರಿಗೆ, ಮಾಮೂಲಿ ಆರೈಕೆ ಪಡೆದವರಿಗಿಂತ ನಿದ್ದೆಯ ತೊಂದರೆ ಜಾಸ್ತಿ ತಗ್ಗಿತ್ತು. ಅದನ್ನು ಓದಿ ಧೈರ್ಯ ಬಂತು.

ಮೊದಲ ವಾರ ಬರೀ ಡೈರಿ ಬರೆಯುವುದು. ಎಷ್ಟಕ್ಕೆ ಮಲಗಿದೆ, ಎಷ್ಟು ಸಲ ಎದ್ದೆ, ಅಂದಾಜು ಎಷ್ಟು ನಿದ್ದೆ ಮಾಡಿದೆ, ಅಷ್ಟೇ. ಎರಡನೇ ವಾರ ಅವರು ಹೇಳಿದ್ದು ಕೇಳಿ ಅಳು ಬಂತು. ರಾತ್ರಿ ಹನ್ನೊಂದಕ್ಕೆ ಮುಂಚೆ ಹಾಸಿಗೆ ಮುಟ್ಟುವ ಹಾಗಿಲ್ಲ, ಬೆಳಿಗ್ಗೆ ಐದೂವರೆಗೆ ಏಳಲೇಬೇಕು. ಬೇರೆಯವರಿಗೆ ಇನ್ನೂ ಕಡಿಮೆ ಕೊಡುತ್ತಾರಂತೆ, ಬಸುರಿ ಅಂತ ನನಗೆ ಆರೂವರೆ ಗಂಟೆ. ಇಪ್ಪತ್ತು ನಿಮಿಷವಾದರೂ ನಿದ್ದೆ ಬಾರದಿದ್ದರೆ ಎದ್ದು ಹಾಲ್‌ಗೆ ಹೋಗಿ ಕೂರಬೇಕು. ಇಪ್ಪತ್ತು ನಿಮಿಷವೂ ಅಂದಾಜಿನದೇ, ಗಡಿಯಾರ ನೋಡಬಾರದು. ಕೋಣೆಯ ಗಡಿಯಾರವನ್ನು ಗೋಡೆಗೆ ಮುಖ ಮಾಡಿಟ್ಟೆ. ಮೊಬೈಲ್ ಅಡುಗೆಮನೆಯಲ್ಲಿ.

ಅತ್ತೆ ಒಪ್ಪಲಿಲ್ಲ. ಹೊಟ್ಟೆಯಲ್ಲಿ ಮಗು ಇಟ್ಟುಕೊಂಡು ನಡುರಾತ್ರಿ ಎದ್ದು ಕೂರೋದಾ ಅಂತ ಅವರ ಸಂಕಟ. ಮುಂದಿನ ಸೆಷನ್‌ಗೆ ಅವರನ್ನೂ ಕರೆದುಕೊಂಡು ಹೋದೆ. "ಅಮ್ಮ, ನಿದ್ದೆ ಬಾರದೆ ಹಾಸಿಗೆಯಲ್ಲೇ ಬಿದ್ದಿದ್ದರೆ ಹಾಸಿಗೆ ಕಂಡರೇ ಎಚ್ಚರವಾಗೋದು ಮನಸ್ಸಿಗೆ ರೂಢಿಯಾಗಿಬಿಡುತ್ತೆ. ಆ ರೂಢಿ ಬಿಡಿಸಬೇಕು" ಅಂತ ಮೇಡಂ ತಾಳ್ಮೆಯಿಂದ ಹೇಳಿದರು. ಅತ್ತೆ ಮನೆಗೆ ಬರುವ ದಾರಿಯಲ್ಲಿ ಏನೂ ಮಾತಾಡಲಿಲ್ಲ. ರಾತ್ರಿ ಹಾಲ್‌ನ ಬೆತ್ತದ ಕುರ್ಚಿ ಪಕ್ಕ ಒಂದು ಪಾತ್ರೆ ಇಟ್ಟು ಮಲಗಿದರು. ನೀರಲ್ಲಿ ನೆನೆಸಿದ ಅವರೆಕಾಳು. ಡಿಸೆಂಬರ್, ಅವರೆಕಾಯಿ ಕಾಲ ಅಲ್ವಾ.

ಆ ರಾತ್ರಿಗಳು ಇವತ್ತಿಗೂ ಕಣ್ಣ ಮುಂದಿವೆ. ಝೀರೋ ಬಲ್ಬಿನ ಬೆಳಕು, ಶಾಲು ಹೊದ್ದು ಕೂತ ನಾನು. ಕಾಳನ್ನು ಬೆರಳಲ್ಲಿ ಹಿಡಿದು ಸ್ವಲ್ಪ ಒತ್ತಿದರೆ ಸಿಪ್ಪೆ ಬೆರಳಲ್ಲೇ ಉಳಿದು, ಬೇಳೆ ಪುಳಕ್ ಅಂತ ಬಟ್ಟಲಿಗೆ ಬೀಳುತ್ತಿತ್ತು. ಕೈಗೆಲ್ಲಾ ಅವರೆಯ ಸೊಗಡು. ನಿದ್ದೆ ಬರಲಿ ಅಂತ ಕಾಯುವುದನ್ನು ಆ ಕುರ್ಚಿಯಲ್ಲಿ ಮರೆತೆ. ಒಂದು ಬಟ್ಟಲು ತುಂಬುವ ಹೊತ್ತಿಗೆ ರೆಪ್ಪೆ ಎಳೆಯುತ್ತಿತ್ತು. ಹೋಗಿ ಮಲಗಿದರೆ ನಿದ್ದೆ. ಬೆಳಿಗ್ಗೆ ಅತ್ತೆ ಬಟ್ಟಲಲ್ಲಿ ಎಷ್ಟು ಬೇಳೆ ಇದೆ ಅಂತ ನೋಡಿಯೇ ನನ್ನ ರಾತ್ರಿ ಹೇಗಿತ್ತು ಅಂತ ತಿಳಿದುಕೊಳ್ಳುತ್ತಿದ್ದರು. ನಾಲ್ಕನೇ ವಾರದಲ್ಲಿ ಒಂದು ದಿನ ಬಟ್ಟಲು ಖಾಲಿ ಇತ್ತು. ಅವತ್ತು ಅವರು ನನ್ನ ತಲೆ ಸವರಿದ್ದು ಮರೆಯಲಾರೆ.

ಹಾಸಿಗೆಯಲ್ಲಿರುವ ಹೊತ್ತಿನಲ್ಲಿ ನೂರಕ್ಕೆ 85ರಷ್ಟು ನಿದ್ದೆಯಾದ ವಾರ ಹದಿನೈದು ನಿಮಿಷ ಜಾಸ್ತಿ ಕೊಡುತ್ತಿದ್ದರು. ಮುಗಿಯುವ ಹೊತ್ತಿಗೆ ಹತ್ತೂವರೆಯಿಂದ ಐದೂವರೆವರೆಗೆ ಮಲಗುತ್ತಿದ್ದೆ. ಬಾತ್‌ರೂಮಿಗೆ ಎರಡು ಸಲ ಏಳುವುದು ತಪ್ಪಲಿಲ್ಲ, ಆದರೆ ಮತ್ತೆ ನಿದ್ದೆ ಹತ್ತುತ್ತಿತ್ತು. ಮಧ್ಯಾಹ್ನ ಮೂರರೊಳಗೆ ಅರ್ಧ ಗಂಟೆ ಮಲಗಲು ಅಡ್ಡಿಯಿರಲಿಲ್ಲ. ಫಿಲ್ಟರ್ ಕಾಫಿ ಬೆಳಿಗ್ಗೆ ಒಂದೇ ಲೋಟ.

ಇನ್ನೊಂದು ಭಯವನ್ನೂ ಅಲ್ಲೇ ಕಳೆದುಕೊಂಡೆ. ಏಳು ತಿಂಗಳ ಮೇಲೆ ಅಂಗಾತ ಮಲಗಬಾರದು ಅಂತ ಕೇಳಿದ್ದೆ. ನಿದ್ದೆಯಲ್ಲಿ ತಿರುಗಿಬಿಟ್ಟರೆ ಅಂತ ಹೆದರಿ ಎಚ್ಚರವಾಗುತ್ತಿತ್ತು. ಗರ್ಭದ ಭಾರ ದೊಡ್ಡ ರಕ್ತನಾಳದ ಮೇಲೆ ಬೀಳುತ್ತೆ, ಅದಕ್ಕೇ 28 ವಾರದ ನಂತರ ಪಕ್ಕಕ್ಕೆ ಮಲಗಿ ಅನ್ನುತ್ತಾರೆ. ಎಡ, ಬಲ ಯಾವುದಾದರೂ ಆಗುತ್ತೆ. ಮಲಗುವಾಗ ಪಕ್ಕಕ್ಕೆ ಮಲಗುವುದು ಮುಖ್ಯ. ನಡುವೆ ಎಚ್ಚರವಾದಾಗ ಅಂಗಾತ ಇದ್ದರೆ ಸುಮ್ನೆ ಮತ್ತೆ ಪಕ್ಕಕ್ಕೆ ಹೊರಳಿದರಾಯ್ತು. ಡಾಕ್ಟರೂ ಇದನ್ನೇ ಹೇಳಿದರು.

ಕೊರತೆಗಳೂ ಇವೆ. ಒಂದು ಸೆಷನ್‌ಗೆ 800 ರೂಪಾಯಿ, ಒಟ್ಟು ಆರು. ಮೊದಲ ಮಹಡಿ, ಲಿಫ್ಟ್ ಇಲ್ಲ. ಬಸುರಿಯರು ಬರುವ ಜಾಗದಲ್ಲಿ ಇದು ತಪ್ಪು ಅಂತ ಅವರಿಗೇ ಹೇಳಿದ್ದೇನೆ. ಡೈರಿ ಹಾಳೆ, ಮೈ ಸಡಿಲ ಬಿಡುವ ಅಭ್ಯಾಸದ ಆಡಿಯೋ ಎರಡೂ ಇಂಗ್ಲಿಷಿನಲ್ಲಿದ್ದವು. ಅತ್ತೆಗೂ ಅರ್ಥವಾಗಲಿ ಅಂತ ನಾನೇ ಕನ್ನಡದಲ್ಲಿ ಗೆರೆ ಹಾಕಿ ಡೈರಿ ಮಾಡಿಕೊಂಡೆ. ಎಲ್ಲಕ್ಕಿಂತ ಬೇಜಾರಾದದ್ದು, ಹೆರಿಗೆ ಆದಮೇಲೆ ಒಂದು ಫೋನೂ ಬರಲಿಲ್ಲ. ಬಾಣಂತನದಲ್ಲೇ ಅಲ್ವಾ ನಿದ್ದೆ ಹೆಚ್ಚು ಕೆಡೋದು?

ಬಾಣಂತನದಲ್ಲಿ ಈ ಗಂಟೆ ಲೆಕ್ಕ ನಡೆಯಲ್ಲ. ಮಗು ಮಲಗಿದಾಗ ಮಲಗಿದೆ. ಐದನೇ ತಿಂಗಳಲ್ಲಿ ಮಗು ಮಲಗಿದ್ದರೂ ನನಗೆ ಎಚ್ಚರವಾಗತೊಡಗಿತು. ಆಗ ಹಳೇ ಡೈರಿ ತೆಗೆದು ಅದೇ ಕ್ರಮ ಹಿಡಿದೆ. ಎರಡು ವಾರದಲ್ಲಿ ಸರಿಹೋಯಿತು. ನನ್ನ ಮಟ್ಟಿಗೆ ಕೊಟ್ಟ ದುಡ್ಡು ದುಡಿದದ್ದು ಇಲ್ಲೇ.

ನೀವು ಶುರು ಮಾಡುವುದಾದರೆ ಮೊದಲು ನಿಮ್ಮ ಡಾಕ್ಟರನ್ನು ಕೇಳಿ. ಮೂರ್ಛೆ ರೋಗ ಅಥವಾ ಬೈಪೋಲಾರ್ (ಮನಸ್ಸಿನ ಸ್ಥಿತಿ ವಿಪರೀತ ಏರಿಳಿಯುವ ಕಾಯಿಲೆ) ಇದ್ದವರು ನಿದ್ದೆಯ ಹೊತ್ತು ಕಡಿಮೆ ಮಾಡಿದರೆ ಅಪಾಯ. ಜೋರು ಗೊರಕೆ, ಬಿಪಿ, ಅಂಗೈ ಅಂಗಾಲಲ್ಲಿ ವಿಪರೀತ ತುರಿಕೆ ಇದ್ದರೆ ಅದು ಬರೀ ನಿದ್ದೆಯ ತೊಂದರೆ ಅಲ್ಲದಿರಬಹುದು, ಅವತ್ತೇ ತೋರಿಸಿ. ಮನಸ್ಸು ಕುಗ್ಗಿದೆ ಅನ್ನಿಸಿದರೆ ಸರ್ಕಾರದ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು, ಉಚಿತ.

ಮಂಡ್ಯದಲ್ಲಿರುವ ನನ್ನ ನಾದಿನಿಗೆ ಈಗ ಆರು ತಿಂಗಳು. ಹೋದ ಭಾನುವಾರ ಆ ಕನ್ನಡ ಡೈರಿಯ ಪ್ರತಿ ಮಾಡಿಸಿ ಕೊಟ್ಟು ಬಂದೆ. ಅವರೆ ಕಾಲ ಮುಗಿದಿದೆ. ಅವಳು ರಾತ್ರಿ ಎದ್ದಾಗ ಹೂಬತ್ತಿ ಹೊಸೆಯುತ್ತಾಳಂತೆ.