‘ಬಾವಲಿ’ ಹುಡುಕಲು ಹೋಗಿ 399 ರೂಪಾಯಿ ಕಳೆದುಕೊಂಡೆ

ಪಾಶ್ಚಾತ್ಯರ ದೆವ್ವ-ಭೂತಗಳ ವೇಷದ ಹಬ್ಬವಾದ ಹ್ಯಾಲೋವೀನ್ ಹೆಸರಿನಲ್ಲಿ ಬರುವ, ಚಿತ್ರದಲ್ಲಿ ಅಡಗಿದ ವಸ್ತುಗಳನ್ನು ಹುಡುಕುತ್ತ ಕೊಲೆಯ ರಹಸ್ಯ ಬಿಡಿಸುವ ಮೊಬೈಲ್ ಆಟಗಳಿಗೆ ಹಣ ಕಟ್ಟುವ ಮೊದಲು ದಯವಿಟ್ಟು ಇದನ್ನು ಓದಿ. ಹೈಸ್ಕೂಲಿನಲ್ಲಿ ಹದಿನೆಂಟು ವರ್ಷದಿಂದ ಕನ್ನಡ ಪಾಠ ಹೇಳುತ್ತಿರುವ ನಾನು ಜಾಹೀರಾತಿನ ‘ಸಂಪೂರ್ಣ ಕನ್ನಡದಲ್ಲಿ’ ಎಂಬ ಎರಡೇ ಪದಗಳಿಗೆ ಮರುಳಾದೆನೆಂದು ಬರೆಯಲು ನಾಚಿಕೆಯಾಗುತ್ತದೆ.

2024ರಲ್ಲಿ ಹ್ಯಾಲೋವೀನ್ ದಿನವಾದ ಅಕ್ಟೋಬರ್ 31ರಂದೇ ನರಕ ಚತುರ್ದಶಿಯೂ ಬಂದಿತ್ತು. ಹಬ್ಬಕ್ಕೆಂದು ಕ್ಯಾತ್ಸಂದ್ರದ ನಮ್ಮ ಮನೆಗೆ ಬಂದಿದ್ದ ಅಕ್ಕನ ಮಗಳೊಂದಿಗೆ ಸಂಜೆ ಕುಳಿತು, ಅಂಥದೊಂದು ಆಟದಲ್ಲಿ ಉಚಿತವಾಗಿದ್ದ ಮೊದಲ ಅಧ್ಯಾಯವನ್ನು ಆಡಿದೆ. ಪಾಳುಬಂಗಲೆ, ಕಣ್ಣು ಬಾಯಿ ಕೊರೆದು ಒಳಗೆ ದೀಪವಿಟ್ಟ ಕುಂಬಳಕಾಯಿ, ಪಟ್ಟಿಯಲ್ಲಿ ‘ಬೀಗದಕೈ’, ‘ಬೀಸಣಿಗೆ’, ‘ಸೌಟು’ ಎಂಬ ಚೊಕ್ಕ ಕನ್ನಡ. ಮುಂದಿನದಕ್ಕೆ ಹಣ ಕೇಳುವುದು ಇಂಥ ಆಟಗಳ ರೂಢಿ; ಅದಕ್ಕೆ ನನ್ನ ತಕರಾರಿಲ್ಲ. ಪ್ಲೇ ಸ್ಟೋರ್ ಮೂಲಕ 399 ರೂಪಾಯಿ ಕಟ್ಟಿದೆ.

ಎರಡನೇ ಅಧ್ಯಾಯದ ಪಟ್ಟಿಯಲ್ಲಿ ‘ಬಾವಲಿ’ ಎಂದಿತ್ತು. ಅಟ್ಟದ ತೊಲೆಯಿಂದ ಮೂರು ಬಾವಲಿಗಳು ನೇತಾಡುತ್ತಿದ್ದವು. ಒಂದೊಂದನ್ನೂ ಒತ್ತಿದೆ, ಮೂರೂ ತಪ್ಪು, ಪ್ರತಿ ತಪ್ಪಿಗೂ ಅಂಕ ಕಡಿತ. ಕೊನೆಗೆ ಸುಳಿವು ಕೇಳಿದಾಗ ಬೆಳಕಿನ ಉಂಗುರ ಹೋಗಿ ಸುತ್ತಿಕೊಂಡದ್ದು ಗೋಡೆಗೆ ಒರಗಿಸಿದ್ದ ಬೇಸ್‌ಬಾಲ್ ಬ್ಯಾಟನ್ನು! “ಚಿಕ್ಕಮ್ಮಾ, ಬ್ಯಾಟ್ ಅಂದ್ರೆ ಬಾವಲಿ ಅಂತ ಮಾಡ್ಬಿಟ್ಟಿದಾರೆ” ಎಂದು ಹುಡುಗಿ ಬಿದ್ದು ಬಿದ್ದು ನಕ್ಕಳು. ನನಗೆ ನಗು ಬರಲಿಲ್ಲ. ಸುರುಳಿ ಸ್ಪ್ರಿಂಗಿಗೆ ‘ವಸಂತ’, ‘ಮ್ಯಾಚ್’ ಎನ್ನುವ ಬೆಂಕಿಕಡ್ಡಿಗೆ ‘ಪಂದ್ಯ’. ಕನ್ನಡ ಮೇಷ್ಟ್ರಮ್ಮ ಕನ್ನಡವನ್ನು ಇಂಗ್ಲಿಷಿಗೆ ತಿರುಗಿಸಿಕೊಂಡು ಆಡಬೇಕಾಯಿತು. ಮೂರನೇ, ನಾಲ್ಕನೇ ಅಧ್ಯಾಯಗಳಲ್ಲಿಯೂ ಅದೇ ಅಟ್ಟ, ಬಣ್ಣ ಮಾತ್ರ ಬೇರೆ. ಕೊನೆಯಲ್ಲಿ ಕೊಲೆಗಾರ ಮುಖವಾಡಕ್ಕೆ ಕೈಹಾಕುತ್ತಿದ್ದಂತೆ ಪರದೆ ಕಪ್ಪಾಗಿ, ‘ಎರಡನೇ ಭಾಗವನ್ನು ಕೊಳ್ಳಿರಿ’ ಎಂಬ ಸಾಲು ಬಂತು.

ಆ ರಾತ್ರಿಯೇ ಆಟ ತಯಾರಿಸಿದವರಿಗೆ ದೂರು ಬರೆದೆ. ‘ಪ್ರಿಯ ಪತ್ತೇದಾರರೇ, ಅಡಗಿರುವುದನ್ನು ಹುಡುಕುವುದೇ ಆಟದ ಸವಾಲು’ ಎಂಬ ಉತ್ತರ ಬಂತು. ಸವಾಲಂತೆ! ಪರದೆಯ ಚಿತ್ರಗಳನ್ನು ತೆಗೆದು ಮತ್ತೆ ಕಳುಹಿಸಿದೆ. ಮರುದಿನ, ಕನ್ನಡ ರಾಜ್ಯೋತ್ಸವದಂದೇ, ‘ನಿಮ್ಮ ದೂರು ತಜ್ಞರ ತಂಡದ ಮುಂದಿದೆ, ಮೂರು ಕೆಲಸದ ದಿನ ಕಾಯಿರಿ’ ಎಂದರು. ಕಾದೆ. ಆಮೇಲೆ ಬಂದ ಉತ್ತರ: ‘ಹಣ ವಾಪಸನ್ನು 48 ಗಂಟೆಯೊಳಗೆ ಪ್ಲೇ ಸ್ಟೋರ್‌ನಲ್ಲೇ ಕೇಳಬೇಕಿತ್ತು, ಈಗ ಅವಧಿ ಮೀರಿದೆ.’ ಕೆಳಗೊಂದು ನಗುವ ಕುಂಬಳಕಾಯಿಯ ಚಿತ್ರ. ಕಾಯಿರಿ ಎಂದವರೂ ಅವರೇ, ಏಕೆ ಕಾದಿರಿ ಎಂದವರೂ ಅವರೇ.

ಆದ್ದರಿಂದ ಹಣ ಕಟ್ಟಿದ ಕೂಡಲೇ ಮುಂದಿನ ಅಧ್ಯಾಯವನ್ನು ತೆರೆದು ನೋಡಿ, ಸರಿಯಿಲ್ಲದಿದ್ದರೆ ಅದೇ ದಿನ ಪ್ಲೇ ಸ್ಟೋರ್‌ನಲ್ಲೇ ಹಣ ವಾಪಸು ಕೇಳಿ. ತಯಾರಕರ ಸವಿಮಾತಿಗೆ ಒಂದು ಗಂಟೆಯನ್ನೂ ವ್ಯರ್ಥ ಮಾಡಬೇಡಿ. ನಾನು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಿದ್ದೇನೆ. ಎರಡನೇ ಭಾಗದ ಜಾಹೀರಾತು ನಿನ್ನೆಯೂ ನನ್ನ ಮೊಬೈಲಿಗೆ ಬಂದಿತ್ತು, ‘ಸಂಪೂರ್ಣ ಕನ್ನಡದಲ್ಲಿ’ ಎಂದೇ.