ಮೆಸ್ಸಿ ಸಹಿಯ ಜರ್ಸಿ, ಮಗುವಿನ ಆಪರೇಷನ್: ಮೈಸೂರು, ಮಂಡ್ಯದ ಫುಟ್‌ಬಾಲ್ ಹುಡುಗರು ಇದನ್ನು ಓದಿ

ಮಂಡ್ಯದ ಗೆಳೆಯನೊಬ್ಬ ವಾಟ್ಸಾಪ್‌ನಲ್ಲಿ ಒಂದು ಪೋಸ್ಟರ್ ಕಳಿಸಿದ್ದಾನೆ. ಹಗಲು ಫೈವ್ಸ್ (ತಂಡಕ್ಕೆ ಐದು ಜನರ ಫುಟ್‌ಬಾಲ್) ಟೂರ್ನಿ, ಸಂಜೆ ಹರಾಜು. ಬಂದ ಹಣವೆಲ್ಲ ಬಡ ಮಗುವಿನ ಹೃದಯದ ಆಪರೇಷನ್‌ಗೆ ಅಂತೆ. ಹರಾಜಿಗೆ ಮೆಸ್ಸಿ ಸಹಿ ಮಾಡಿದ ಚೆಂಡು. ಪೋಸ್ಟರ್‌ನಲ್ಲಿರುವ ಮಗುವಿನ ಫೋಟೊ ನಮಗೆ ಹೊಸದು. ಆದರೆ ಕೆಳಗಿರುವ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಬರುವ ಹೆಸರು ನಮಗೆ ಚೆನ್ನಾಗಿ ಗೊತ್ತು. ಮೈಸೂರಿನಲ್ಲಿ ನಮ್ಮ 36,000 ರೂಪಾಯಿ ಹೋಗಿದ್ದು ಅದೇ ಹೆಸರಿಗೆ. ದೂರು ಪೊಲೀಸರ ಹತ್ತಿರ ಇರುವುದರಿಂದ ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ನಡೆದದ್ದನ್ನು ಹೇಳುತ್ತೇನೆ, ಮಂಡ್ಯದವರು ಹುಷಾರಾಗಿರಲಿ ಅಂತ.

ನಮ್ಮಲ್ಲಿ ನಡೆದದ್ದು ರಿಂಗ್ ರೋಡ್ ಪಕ್ಕದ ಒಂದು ಟರ್ಫ್‌ನಲ್ಲಿ. ಗಾಂಧಿನಗರದ ಹುಡುಗರು, ಮಂಡಿ ಮೊಹಲ್ಲಾದವರು, ಇಲ್ಲಿ ಓದಲು ಬಂದಿರುವ ಕೇರಳದ ಹುಡುಗರು, ಬೆಂಗಳೂರು ಎಫ್‌ಸಿ ಮ್ಯಾಚ್ ಅಂದರೆ ರೈಲು ಹತ್ತಿ ಬೆಂಗಳೂರಿನ ಕಂಠೀರವ ಕ್ರೀಡಾಂಗಣಕ್ಕೆ ಓಡುವವರು, ಎಲ್ಲ ಸೇರಿದ್ದರು. ಜನ ಚೆನ್ನಾಗಿಯೇ ಬಂದಿದ್ದರು. ಟರ್ಫ್ ಮಾಲೀಕರದ್ದು ಇದರಲ್ಲಿ ಏನೂ ತಪ್ಪಿಲ್ಲ, ಅವರಿಗೂ ಬಾಡಿಗೆ ಬಾಕಿ ಇಟ್ಟು ಹೋಗಿದ್ದಾನೆ ಇದನ್ನೆಲ್ಲ ನಡೆಸಿದ ಆ ಮಹಾನುಭಾವ.

ಸಂಜೆ ಸ್ಟೇಜಿನ ಮೇಲೆ ಫ್ರೇಮ್ ಹಾಕಿದ ಅರ್ಜೆಂಟೀನಾ ಜರ್ಸಿ, ನಂಬರ್ 10. ಪಕ್ಕದಲ್ಲೇ ಮಗುವಿನ ದೊಡ್ಡ ಫ್ಲೆಕ್ಸ್. ಮೈಕಿನವನು ಬಲೇ ಮಾತುಗಾರ. ಸವಾಲು ನಿಂತಿತು ಅಂದರೆ ಸಾಕು, ಫ್ಲೆಕ್ಸ್ ಕಡೆ ಕೈ ತೋರಿಸುತ್ತಿದ್ದ. "ಸಾವಿರ ರೂಪಾಯಿ ನಿಮಗೆ ಜಾಸ್ತಿನಾ ಸಾರ್? ಈ ಮಗೂಗೆ ಅದು ಒಂದು ದಿನದ ಔಷಧಿ." ಆಮೇಲೆ ಯಾರು ತಾನೇ ಸುಮ್ಮನಿರುತ್ತಾರೆ? ನಾವು ಆರು ಜನ ಹಣ ಹಾಕಿ ಜರ್ಸಿ ಕೂಗಿಕೊಂಡೆವು. ಒಂದು ಸಾರಿ, ಎರಡು ಸಾರಿ, ಮೂರು ಸಾರಿ ಆಯಿತು, ಚಪ್ಪಾಳೆ ಬಿತ್ತು, ಗೆಳೆಯನೊಬ್ಬ ಕೋಡ್ ಸ್ಕ್ಯಾನ್ ಮಾಡಿದ. ಪರದೆಯ ಮೇಲೆ ಬಂದದ್ದು ಟ್ರಸ್ಟ್ ಹೆಸರಲ್ಲ, ಒಬ್ಬ ವ್ಯಕ್ತಿಯ ಹೆಸರು. ಕೇಳಿದ್ದಕ್ಕೆ, "ಟ್ರಸ್ಟ್ ಅಕೌಂಟ್ ಕೆವೈಸಿ ನಡೀತಾ ಇದೆ ಸಾರ್, ಸದ್ಯಕ್ಕೆ ಖಜಾಂಚಿದು. 80ಜಿ ರಸೀದಿ ಕೊಡ್ತೀವಿ" ಅಂದ. 80ಜಿ ಅಂದರೆ ದಾನ ಕೊಟ್ಟವರಿಗೆ ಸಿಗುವ ಆದಾಯ ತೆರಿಗೆ ವಿನಾಯಿತಿ.

ಜರ್ಸಿ ಸುಳ್ಳು ಅಂತ ಮೊದಲು ಕಂಡುಹಿಡಿದದ್ದು ಏಳನೇ ಕ್ಲಾಸಿನ ಒಬ್ಬ ಹುಡುಗ. ಫ್ರೇಮ್ ಹಿಂದೆ ಅಂಟಿಸಿದ್ದ ಸರ್ಟಿಫಿಕೇಟಿನಲ್ಲಿ, "2022ರ ವಿಶ್ವಕಪ್ ನಡೆಯುತ್ತಿದ್ದಾಗ ಕತಾರ್‌ನಲ್ಲಿ ಪಡೆದ ಸಹಿ" ಅಂತ ಬರೆದಿತ್ತು. ಹುಡುಗ ಅದನ್ನು ಓದಿ, ಜರ್ಸಿ ನೋಡಿ, "ಅಣ್ಣಾ, ಗೆಲ್ಲೋಕೆ ಮುಂಚೇನೇ ಮೂರನೇ ಸ್ಟಾರ್ ಹಾಕ್ಬಿಟ್ಟಿದ್ದಾರಲ್ಲ?" ಅಂದ. ನಿಜ. 2022ರ ಡಿಸೆಂಬರ್ 18ರಂದು ಲುಸೈಲ್‌ನಲ್ಲಿ ಫೈನಲ್ ಆಡಿದಾಗ ಅರ್ಜೆಂಟೀನಾ ಎದೆಯ ಮೇಲೆ ಇದ್ದದ್ದು ಎರಡೇ ನಕ್ಷತ್ರ, ವಿಶ್ವಕಪ್ ಗೆದ್ದ 1978ಕ್ಕೆ ಒಂದು, 1986ಕ್ಕೆ ಒಂದು. ಮೂರನೆಯದನ್ನು ಸಂಪಾದಿಸಿದ್ದು ಆ ಫೈನಲ್ ಗೆದ್ದ ಮೇಲೆ. ಅಷ್ಟು ಜನ ಮೆಸ್ಸಿ ಭಕ್ತರು ಕೂತಿದ್ದ ಕಡೆ ಇದು ಯಾರ ಕಣ್ಣಿಗೂ ಬೀಳಲಿಲ್ಲ!

ಮಾರನೇ ದಿನ ಫ್ರೇಮ್ ಬಿಚ್ಚಿಸಿದೆವು. ಜರ್ಸಿ ಬಟ್ಟೆ ಸಣ್ಣ ಸಣ್ಣ ತೂತಿನ ನೇಯ್ಗೆ. ಅದರ ಮೇಲೆ ಮಾರ್ಕರ್‌ನಲ್ಲಿ ಬರೆದರೆ ಶಾಯಿ ದಾರದೊಳಗೆ ಇಳಿಯುತ್ತದೆ, ಅಂಚು ಸ್ವಲ್ಪ ಹರಡುತ್ತದೆ. ಕೈ ನಿಂತ ಕಡೆ ದಪ್ಪ, ಬೀಸಿ ಎಳೆದ ಕಡೆ ತೆಳು. ಇಲ್ಲಿ ಗೆರೆ ಮೊದಲಿಂದ ಕೊನೆವರೆಗೂ ಒಂದೇ ದಪ್ಪ, ತೂತುಗಳ ಮೇಲೂ ಕಡಿಯದೆ ಹೋಗಿತ್ತು. ಉಗುರಿನಲ್ಲಿ ಕೆರೆದರೆ ಅಂಚು ಈರುಳ್ಳಿ ಸಿಪ್ಪೆ ಹಾಗೆ ಎದ್ದು ಬಂತು. ಅಂದರೆ ಯಾರೂ ಬರೆದದ್ದಲ್ಲ, ಬಿಸಿ ಮಾಡಿ ಒತ್ತಿದ್ದು. ಇನ್ನೊಂದು ವಿಷಯ. ಮೈದಾನದಲ್ಲಿ ಆಟಗಾರರು ಹಾಕುವ ಜರ್ಸಿಯಲ್ಲಿ ಲಾಂಛನವನ್ನು ಸಾಮಾನ್ಯವಾಗಿ ಬಿಸಿಯಲ್ಲಿ ಅಂಟಿಸಿರುತ್ತಾರೆ, ಭಾರ ಕಮ್ಮಿ ಆಗಲಿ ಅಂತ. ಅಭಿಮಾನಿಗಳಿಗೆ ಮಾರುವುದರಲ್ಲಿ ಹೊಲಿದಿರುತ್ತಾರೆ. ನಮ್ಮದರಲ್ಲಿ ಹೊಲಿಗೆ. ಒಳಗಿನ ಸಣ್ಣ ಲೇಬಲ್‌ನ ಕೋಡ್ ಹಾಕಿ ಹುಡುಕಿದರೆ ಬೇರೆ ಯಾವುದೋ ಕ್ಲಬ್ಬಿನ ಬಟ್ಟೆ ತೋರಿಸಿತು. ಸರ್ಟಿಫಿಕೇಟಿನ ಮೇಲೆ ಹೊಳೆಯುವ ಸ್ಟಿಕರ್ ಇತ್ತು, ನಂಬರೂ ಇತ್ತು. ಆ ನಂಬರನ್ನು ಎಲ್ಲಿ ತಾಳೆ ನೋಡಬೇಕು, ಕೊಟ್ಟ ಕಂಪನಿಯ ವಿಳಾಸ ಏನು, ಅದು ಮಾತ್ರ ಇಲ್ಲ. ಅಂಥ ಸ್ಟಿಕರ್ ಯಾವ ಪ್ರಿಂಟಿಂಗ್ ಅಂಗಡಿಯಲ್ಲಾದರೂ ಸಿಗುತ್ತದೆ.

ಇಷ್ಟಾದರೂ ನಮ್ಮಲ್ಲಿ ಇಬ್ಬರು, "ಹೋಗ್ಲಿ ಬಿಡು, ಜರ್ಸಿ ಸುಳ್ಳಾದ್ರೂ ದುಡ್ಡು ಮಗೂಗೆ ಹೋಯ್ತಲ್ಲ" ಅಂದರು. ಹಾಗಾಗಿ ಮಗುವಿನ ಮನೆ ಹುಡುಕಿದೆವು. ಮಗು ನಿಜ. ಆಪರೇಷನ್ ಕೂಡ ನಿಜ, ಹುಟ್ಟಿನಿಂದಲೇ ಹೃದಯದಲ್ಲಿ ರಂಧ್ರ ಇತ್ತಂತೆ. ಮಂಡ್ಯ ಜಿಲ್ಲೆಯ ಒಂದು ಹಳ್ಳಿ, ತಂದೆ ಕೂಲಿ ಕೆಲಸದವರು. ಅವರು ಹೇಳಿದ್ದು ಕೇಳಿ ನಮಗೆ ಮಾತೇ ಬರಲಿಲ್ಲ. "ಆಪರೇಷನ್‌ಗೆ ನಾವೇನೂ ಕಟ್ಲಿಲ್ಲ ಕಣಣ್ಣ. ಕಾರ್ಡ್‌ನಲ್ಲೇ ಆಯ್ತು. ಮಗು ಫೋಟೊ ತಗಂಡು ಐದು ಸಾವ್ರ ಕೊಟ್ಟೋದ್ರು, ಅಷ್ಟೇಯ."

ಇದು ಎಷ್ಟೋ ಜನಕ್ಕೆ ಗೊತ್ತಿಲ್ಲ. ಅಂಗನವಾಡಿ, ಶಾಲೆಗಳಿಗೆ ಬಂದು ಮಕ್ಕಳನ್ನು ತಪಾಸಣೆ ಮಾಡುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪಟ್ಟಿಯಲ್ಲಿ ಹುಟ್ಟಿನಿಂದ ಬಂದ ಹೃದಯದ ತೊಂದರೆಯೂ ಇದೆ. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಹಾಗಂತ ಬಡವರಿಗೆ ಖರ್ಚೇ ಇಲ್ಲ ಅಂತಲ್ಲ. ಓಡಾಟ, ಊಟ, ಕೂಲಿ ಹೋದ ದಿನಗಳು, ಎಲ್ಲ ಇರುತ್ತವೆ. ಆ ತಂದೆಗೆ ನಿಜವಾಗಿ ಬೇಕಾಗಿದ್ದದ್ದು ಬಸ್ ಚಾರ್ಜು. ಅದಕ್ಕೆ ಯಾರೂ ಹರಾಜು ಕೂಗಲಿಲ್ಲ. ಮುಗಿದುಹೋದ ಆಪರೇಷನ್‌ನ ಹೆಸರಲ್ಲಿ ದುಡ್ಡೆತ್ತಿದರು.

ಅವತ್ತು ಅಲ್ಲಿ ಸೇರಿದ್ದವರು ಯಾಕೆ ಹಣ ಕೊಟ್ಟರು ಅಂತ ನಾನು ತುಂಬಾ ಯೋಚಿಸಿದ್ದೇನೆ. ಒಬ್ಬರು ಹಿರಿಯರು ಮೂಲೆಯ ಹುಂಡಿಗೆ ನೋಟು ಹಾಕಿ, ಹರಾಜು ಶುರುವಾಗುವ ಮುಂಚೆಯೇ ಎದ್ದು ಹೋದರು. ಒಬ್ಬ ಸೈಟ್ ವ್ಯಾಪಾರಿ ಮೈಕಿನಲ್ಲಿ ತನ್ನ ಹೆಸರು ಕೂಗಿದಾಗಲೆಲ್ಲ ಸವಾಲು ಏರಿಸುತ್ತಿದ್ದರು. ಸೆಲ್ಫಿ ಆದ ಮೇಲೆ ನಿಲ್ಲಿಸಿದರು. ನಮಗೆ ಟರ್ಫ್ ಗೋಡೆಗೆ ಜರ್ಸಿ ಬೇಕಿತ್ತು, ಜೊತೆಗೆ ಒಳ್ಳೆ ಕೆಲಸವೂ ಆಯಿತು ಅನ್ನಿಸಬೇಕಿತ್ತು. ಎರಡೂ ಬೇಕು ಅನ್ನುವುದರಲ್ಲಿ ನನಗೆ ತಪ್ಪು ಕಾಣುವುದಿಲ್ಲ. ಕತಾರ್‌ನಲ್ಲಿ ಮೆಸ್ಸಿ ನಿಜವಾಗಿ ಹಾಕಿದ್ದ ಆರು ಜರ್ಸಿಗಳು 2023ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕಿನ ಸೋದಬೀಸ್ ಹರಾಜಿನಲ್ಲಿ 78 ಲಕ್ಷ ಡಾಲರ್‌ಗೆ ಹೋದವು. ಅದರಲ್ಲೂ ಒಂದು ಪಾಲು ಬಾರ್ಸಿಲೋನಾದ ಮಕ್ಕಳ ಆಸ್ಪತ್ರೆಯ ಯೋಜನೆಗೆ ಅಂತಲೇ ಇತ್ತು.

ತೊಂದರೆ ಇರುವುದು ಬೇರೆ ಕಡೆ. ಬರೀ ಜರ್ಸಿ ಮಾರಲು ಬಂದಿದ್ದರೆ ಲೇಬಲ್ ತಿರುಗಿಸಿ, ಎಳೆದು, ಮೂಸಿ ನೋಡುತ್ತಿದ್ದೆವು. ಬರೀ ದೇಣಿಗೆ ಕೇಳಿದ್ದರೆ ಯಾವ ಆಸ್ಪತ್ರೆ, ಎಷ್ಟು ಬಿಲ್ ಅಂತ ಕೇಳುತ್ತಿದ್ದೆವು. ಎರಡನ್ನೂ ಕಟ್ಟಿ ಕೈಗಿಟ್ಟರೆ ಎರಡೂ ಪ್ರಶ್ನೆ ನಿಂತುಹೋಗುತ್ತವೆ. ಜರ್ಸಿ ಬಗ್ಗೆ ಅನುಮಾನ ಬಂದರೆ, ದುಡ್ಡು ಮಗುವಿಗೆ ತಾನೇ ಅನ್ನಿಸುತ್ತದೆ. ಮಗುವಿನ ಬಗ್ಗೆ ಅನುಮಾನ ಬಂದರೆ, ಹೇಗೂ ಜರ್ಸಿ ಕೈಗೆ ಬಂತಲ್ಲ ಅನ್ನಿಸುತ್ತದೆ. ಮೈಕಿನವನ ಕಸುಬು ನಿಂತಿರುವುದೇ ಇದರ ಮೇಲೆ. ಜೊತೆಗೆ ಪುಣ್ಯದ ಕೆಲಸಕ್ಕೆ ಲೆಕ್ಕ ಕೇಳಬಾರದು ಅನ್ನುವ ನಮ್ಮ ಸಂಕೋಚ ಬೇರೆ.

ಕೇಳಿದರೆ ಅವಮಾನ ಅಂತ ಅಸಲಿ ವಸ್ತು ಇಟ್ಟುಕೊಂಡವರು ಅಂದುಕೊಳ್ಳುವುದಿಲ್ಲ. 1986ರಲ್ಲಿ ಅರ್ಜೆಂಟೀನಾದ ಮರಡೋನ ಇಂಗ್ಲೆಂಡ್ ವಿರುದ್ಧ ಕೈಯಲ್ಲಿ ಗೋಲು ಹೊಡೆದ ಜರ್ಸಿ 2022ರಲ್ಲಿ 71 ಲಕ್ಷ ಪೌಂಡ್‌ಗೆ ಮಾರಾಟವಾಯಿತು. ಅದು ಆ ಗೋಲು ಹೊಡೆದಾಗಿನ ಜರ್ಸಿಯೇ ಅಲ್ಲ ಅಂತ ಮರಡೋನನ ಮಗಳೇ ತಕರಾರು ಎತ್ತಿದ್ದಳು. ಹರಾಜಿನವರು ಪಂದ್ಯದ ಫೋಟೊಗಳ ಜೊತೆ ತಾಳೆ ಹಾಕಿಸಿ ಉತ್ತರ ಕೊಟ್ಟರು. ಇಂಗ್ಲೆಂಡಿನ ಕ್ಲಬ್ಬುಗಳು ನವೆಂಬರ್‌ನಲ್ಲಿ ಗಸಗಸೆ ಹೂವಿನ ಗುರುತಿರುವ ಜರ್ಸಿ ಹಾಕಿ ಆಡಿ, ಮಾಜಿ ಸೈನಿಕರ ಸಂಸ್ಥೆಗಾಗಿ ಹರಾಜು ಹಾಕುತ್ತವೆ. ಅಲ್ಲಿ ವಸ್ತು ಬರುವುದು ಕ್ಲಬ್ಬಿನಿಂದಲೇ, ಹಣ ಯಾರಿಗೆ ಅನ್ನುವುದೂ ಬಹಿರಂಗ. ಹಾಗಂತ ಫಾರಿನ್ ಮಾಲೆಲ್ಲ ಸಾಚಾ ಅಂದುಕೊಳ್ಳಬೇಡಿ. ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐ 1990ರ ದಶಕದಲ್ಲಿ ಸುಳ್ಳು ಸಹಿಗಳ ದೊಡ್ಡ ಜಾಲ ಹಿಡಿದಾಗ, ಮದರ್ ತೆರೇಸಾ ಸಹಿ ಇರುವ ಬೇಸ್‌ಬಾಲ್ ಕೂಡ ಸಿಕ್ಕಿತ್ತಂತೆ. ಆಯಮ್ಮ ಬೇಸ್‌ಬಾಲ್ ಯಾಕೆ ಮುಟ್ಟುತ್ತಿದ್ದರು, ಹೇಳಿ!

80ಜಿ ವಿಷಯ. ರಸೀದಿ ಅಂತ ನಮಗೆ ಕೊಟ್ಟ ಚೀಟಿಯಲ್ಲಿ ಟ್ರಸ್ಟಿನ ಪ್ಯಾನ್ ಇಲ್ಲ, ನೋಂದಣಿ ಸಂಖ್ಯೆ ಇಲ್ಲ. ಸರಿಯಾದ ಸಂಸ್ಥೆ ಆಗಿದ್ದರೆ ದಾನಿಗಳ ವಿವರ ಆದಾಯ ತೆರಿಗೆ ಇಲಾಖೆಗೆ ಸಲ್ಲಿಸಿ ಪ್ರಮಾಣಪತ್ರ ಕೊಡಬೇಕು. 2,000 ರೂಪಾಯಿಗಿಂತ ಜಾಸ್ತಿ ನಗದಾಗಿ ಕೊಟ್ಟರೆ ವಿನಾಯಿತಿಯೇ ಇಲ್ಲ. ಅಷ್ಟಕ್ಕೂ ದುಡ್ಡು ಕೊಟ್ಟು ಜರ್ಸಿ ತಗೊಂಡರೆ ಅದು ಖರೀದಿ, ದಾನ ಅಲ್ಲ. ಜರ್ಸಿಯನ್ನೂ ಕೊಟ್ಟು ಪೂರ್ತಿ ಮೊತ್ತಕ್ಕೆ ತೆರಿಗೆ ಉಳಿಸಿಕೊಡುತ್ತೇನೆ ಅನ್ನುವವನನ್ನು ಅಲ್ಲಿಗೇ ಬಿಟ್ಟು ಎದ್ದು ಬನ್ನಿ.

ಮಗುವಿಗೆ ಕೊಡುವ ಮನಸ್ಸಿದ್ದರೆ ಆಸ್ಪತ್ರೆಗೆ ಹೋಗಿ ಬಿಲ್ಲಿಂಗ್ ಕೌಂಟರ್‌ನಲ್ಲಿ ವಿಚಾರಿಸಿ, ಆಸ್ಪತ್ರೆ ಖಾತೆಗೇ ಕಟ್ಟಿ. ಇಲ್ಲ, ಮನೆಯವರ ಕೈಗೇ ಕೊಡಿ. ಜರ್ಸಿ ಬೇಕಿದ್ದರೆ ಜರ್ಸಿ ಅಂಗಡಿಗೆ ಹೋಗಿ. ಆ ತಂದೆಗೆ ಆಮೇಲೆ ನಾವು ಏನು ಮಾಡಿದೆವು ಅನ್ನುವುದು ಇಲ್ಲಿ ಬೇಡ, ಮತ್ತೆ ಮೈಕ್ ಹಿಡಿದ ಹಾಗಾಗುತ್ತದೆ.

ನಾವು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡುವಷ್ಟರಲ್ಲಿ ಹಣ ಆ ಖಾತೆಯಿಂದ ಮುಂದೆ ಹೋಗಿತ್ತು. ಬೇಗ ಹೇಳಿದಷ್ಟೂ ತಡೆಯಲು ಸಾಧ್ಯ, ಹಾಗಾಗಿ ಅನುಮಾನ ಬಂದ ಕೂಡಲೇ ಮಾಡಿ. ಜರ್ಸಿ ಈಗ ಠಾಣೆಯಲ್ಲಿದೆ. ಅವತ್ತು ಟರ್ಫ್‌ನಲ್ಲಿ ನೂರು ರೂಪಾಯಿಯ ಲಕ್ಕಿ ಡಿಪ್ ಕೂಪನ್ ತಗೊಂಡವರು ಬಹಳ ಜನ ಇದ್ದೀರಿ. ನೂರು ತಾನೇ ಅಂತ ಬಿಸಾಡಬೇಡಿ. ಕೂಪನ್ನಿನ ಎರಡೂ ಬದಿಯ ಫೋಟೊ, ಯುಪಿಐ ವ್ಯವಹಾರದ ಸಂಖ್ಯೆ, ಹಣ ಹೋದ ಖಾತೆಯ ಹೆಸರು ಕಾಣುವ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡು ನೀವೂ ದೂರು ಕೊಡಿ. ಎಷ್ಟು ಜನರಿಂದ ಎಷ್ಟು ಎತ್ತಿದ್ದಾನೆ ಅನ್ನುವ ಲೆಕ್ಕ ಪೊಲೀಸರಿಗೆ ಸಿಗುವುದು ಆ ಕೂಪನ್‌ಗಳಿಂದಲೇ.